ಶಕುಂತಲಾ ತೊಳೆದ ಕಾರಂಜಿ

ಡಾಕ್ಟರ್ ದಿನೇಶ ಹೆಂಡತಿಯ ಶವಪೆಟ್ಟಿಗೆಯ ಮೇಲೆ ಜಾರುತ್ತಿದ್ದ ಹೂಮಾಲೆಯನ್ನು ಸರಿಪಡಿಸುತ್ತಿದ್ದಾಗ ಚಿತಾಗಾರದ ಬಾಗಿಲು ತೆರೆದು ವಯಸ್ಸಾದ ಬಿಳಿಯ ಹೆಂಗಸೊಬ್ಬಳು ಒಳಗೆ ಬಂದಳು. ಕೋಟು ನೆನೆದಿತ್ತು. ಹಿಂದೆ ಗಾಲಿಯ ಸೂಟ್‌ಕೇಸು ಗಡಗಡ ಸದ್ದು ಮಾಡಿತು. ಇಂಗ್ಲೆಂಡಿನ ಆ ವುಲ್ವರ್‌ಹ್ಯಾಂಪ್ಟನ್ ಊರಿನ ಕನ್ನಡದವರೆಲ್ಲ ತಿರುಗಿ ನೋಡಿದರು.

"ಯಾರ್ರೀ ಇವ್ರು, ನಿಮ್ಮ ಪೇಷೆಂಟಾ?" ಮುಂದಿನ ಸಾಲಿನಲ್ಲಿದ್ದ ಲೀಲಾವತಿ ಕೇಳಿದರು.

"ಅಲ್ಲ. ನನಗೂ ಗೊತ್ತಿಲ್ಲ."

"ಶಕುಂತಲಾಗೆ ಗುರುತಿರೋ ಹಾಗಿಲ್ಲ. ಮನೆ ಬಿಟ್ರೆ ಏನೂ ಗೊತ್ತಿರ್ಲಿಲ್ಲ ಪಾಪ ಅವಳಿಗೆ."

ಮಗಳು ಯಾಮಿನಿ ಎದ್ದು ಹೋಗಿ ಆ ಹೆಂಗಸಿನ ಕೈ ಹಿಡಿದಳು. ಅಪ್ಪನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು: ಇವರು ಒದೀಲ್, ಫ್ರಾನ್ಸಿನಲ್ಲಿ ಅಮ್ಮ ಹೋಗುತ್ತಿದ್ದ ಊರಿನವರು. ಅಮ್ಮನ ಫೋನಿಗೆ ಇವರ ಮೆಸೇಜ್ ಬಂದಿತ್ತು, ಸುದ್ದಿ ತಿಳಿಸಿದ್ದೆ. ಇಷ್ಟು ದೂರ ಬರುತ್ತಾರೆ ಅಂದುಕೊಂಡಿರಲಿಲ್ಲ.

* * *

ಆ ಊರಿಗೆ ದಿನೇಶ ಹೆಂಡತಿ, ಮಗಳ ಜೊತೆ ಒಮ್ಮೆ ಹೋಗಿದ್ದರು. ಯಾಮಿನಿ ಆಗಿನ್ನೂ ಚಿಕ್ಕವಳು. ಹಳೆಯ ಚೌಕದ ನಡುವೆ ಕಲ್ಲಿನ ಕಾರಂಜಿ. ಅದೆಷ್ಟೋ ತಲೆಮಾರು ನೀರು ಹಿಡಿದು ಸವೆದ ಅಂಚು. ಶಕುಂತಲಾ ಬೊಗಸೆಯೊಡ್ಡಿ ಕುಡಿದು, ಮುಖ ಒರೆಸಿಕೊಳ್ಳದೆ ನಕ್ಕಿದ್ದಳು.

"ರೀ, ಒಂಚೂರು ಕೂತ್ಕೊಳ್ಳೋಣ್ವಾ?"

"ಹಡಗು ತಪ್ಪಿಹೋಗುತ್ತೆ. ಮುಂದಿನ ಸಲ ಕೂರೋಣ."

ಬಂದರಿಗೆ ಬಂದು ನೋಡಿದರೆ ಹಡಗಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಮುಂದೆ ಮೇ ತಿಂಗಳು ಬಂದಾಗಲೆಲ್ಲ ಅವಳು ಕೇಳುತ್ತಿದ್ದಳು, "ಈ ಸಲನಾದ್ರೂ ಬರ್ತೀರಾ?" ಅವರದು ಒಂದೇ ಉತ್ತರ: "ಕ್ಲಿನಿಕ್ಕಿನಲ್ಲಿ ಡ್ಯೂಟಿ ರೋಟಾ ಹಾಕಿಯಾಗಿದೆ. ನೀನು ಹೋಗ್ಬಾ." ಯಾಮಿನಿ ಕಾಲೇಜು ಸೇರಿದ ಮೇಲೆ ಅವಳು ಒಬ್ಬಳೇ ಹೋಗತೊಡಗಿದಳು. ಮರಳಿದಾಗ ಅಂಗೈ ತರಚಿ ಒಡೆದಿರುತ್ತಿತ್ತು. ದಿನೇಶ ಮುಲಾಮು ತಂದುಕೊಡುತ್ತಿದ್ದರು. ಯಾವ ರೋಗಿ ಬಂದರೂ 'ಹೇಗಾಯಿತು' ಎಂದು ಮೊದಲು ಕೇಳುವವರು, ಹೆಂಡತಿಯನ್ನು ಮಾತ್ರ ಕೇಳಲಿಲ್ಲ.

* * *

ಪ್ರಾರ್ಥನೆ ಮುಗಿದ ಮೇಲೆ ಒದೀಲ್ ಪೆಟ್ಟಿಗೆಯ ಪಕ್ಕ ನಿಂತು ಫ್ರೆಂಚಿನಲ್ಲಿ ಮಾತಾಡಿದಳು. ಸಭಿಕರನ್ನು ನೋಡದೆ ಪೆಟ್ಟಿಗೆಗೇ ಹೇಳಿದಳು. ಶಾಲೆಯಲ್ಲಿ ಕಲಿತಷ್ಟು ಫ್ರೆಂಚಿನ ಬಲದಿಂದ ಯಾಮಿನಿ ಅದನ್ನು ಅಪ್ಪನ ಕಿವಿಯಲ್ಲಿ ತಡವರಿಸುತ್ತ ಅನುವಾದಿಸಿದಳು. ಮೇ ತಿಂಗಳಲ್ಲಿ ಊರವರೆಲ್ಲ ಸೇರಿ ಕಾರಂಜಿ ಬತ್ತಿಸಿ ಪಾಚಿ ತಿಕ್ಕುತ್ತಾರಂತೆ. ಅಮ್ಮ ಸೀರೆ ಎತ್ತಿ ಕಟ್ಟಿ ಎಲ್ಲರಿಗಿಂತ ಮುಂಚೆ ತೊಟ್ಟಿಗಿಳಿಯುತ್ತಿದ್ದಳಂತೆ. ಬ್ರಷ್ಷು ಸರಿಯಾಗಿ ಹಿಡಿಯದವರನ್ನು ಬಯ್ಯುತ್ತಿದ್ದಳಂತೆ.

"ಯಾವ ಭಾಷೇಲಿ ಬಯ್ತಿದ್ಲು?" ದಿನೇಶ ಕೇಳಿದರು.

"ಫ್ರೆಂಚ್, ಅಪ್ಪಾ. ಮಮ್ ಸ್ಪೋಕ್ ಫ್ರೆಂಚ್."

ಲೀಲಾವತಿ ಬಾಯಿಗೆ ಸೆರಗು ಒತ್ತಿಕೊಂಡರು. ದಿನೇಶ ಪೆಟ್ಟಿಗೆಯನ್ನೇ ನೋಡಿದರು. ಮಂಗಳವಾರ ಸಂಜೆಗಳಲ್ಲಿ ಅವಳು ಯಾವುದೋ ಕ್ಲಾಸಿಗೆ ಹೋಗುತ್ತಿದ್ದದ್ದು ನೆನಪಾಯಿತು. ಹೊಲಿಗೆಯದಿರಬೇಕು ಅಂದುಕೊಂಡಿದ್ದರು. ಅವಳು ಹೊಲಿದದ್ದನ್ನು ಒಂದನ್ನೂ ಕಂಡ ನೆನಪಾಗಲಿಲ್ಲ.

ಪೆಟ್ಟಿಗೆಯ ಮುಂದೆ ಪರದೆ ಮುಚ್ಚಿಕೊಂಡಿತು.

ಹೊರಗೆ ಬಂದವರೆಲ್ಲ ಕೈಮುಗಿದು ಕಾರುಗಳತ್ತ ನಡೆದರು. ಯಾಮಿನಿ ಒದೀಲಳ ಸೂಟ್‌ಕೇಸನ್ನು ಡಿಕ್ಕಿಯಲ್ಲಿಡಲು ಹೋದಳು. ಒದೀಲ್ ದಿನೇಶರ ಎರಡೂ ಕೈ ಹಿಡಿದು ಏನೋ ಕೇಳಿದಳು. ಉದ್ದನೆಯ, ಮೆತ್ತಗಿನ ಪ್ರಶ್ನೆ. ಕೇಳಿ ಉತ್ತರಕ್ಕಾಗಿ ಕಾದಳು.

ದಿನೇಶ ಅರ್ಥವಾಗಲಿಲ್ಲವೆಂದು ತಲೆಯಾಡಿಸಿದರು. ಆಮೇಲೆ, ಕುಳ್ಳಗಿನವರ ಮಾತಿಗೆ ಕಿವಿಗೊಡುವವರಂತೆ ಕೊಂಚ ಬಾಗಿ, ಶಕುಂತಲಾ ಯಾವಾಗಲೂ ನಿಲ್ಲುತ್ತಿದ್ದ ಎಡಕ್ಕೆ ತಿರುಗಿದರು.