ಫ್ರಿಜ್ಜಿನ ಮೇಲಿನ ಬಟ್ಟಲು

ನಾನು ಬೊಗಳದ ಕುಲದಲ್ಲಿ ಹುಟ್ಟಿದ ಒಂದು ನಾಯಿ. ಬಸೆಂಜಿ ಎಂಬುದು ನನ್ನ ಜಾತಿಯ ಹೆಸರು. ಆಫ್ರಿಕಾದ ಕಾಡುಗಳಲ್ಲಿ ಬೇಟೆಗಾರರೊಡನೆ ಓಡಿದ ಪೂರ್ವಜರು ನನಗೆ ಕೆಂಗಂದು ಮೈಯನ್ನೂ ಸುರುಳಿ ಬಾಲವನ್ನೂ ಸದಾ ಚಿಂತೆಯಲ್ಲಿರುವಂತೆ ಕಾಣುವ ಸುಕ್ಕು ಹಣೆಯನ್ನೂ ಕೊಟ್ಟರು. ನಾನು ಹುಟ್ಟಿದ್ದು ಮಾತ್ರ ಬೆಳಗಾವಿಯ ಹೊರವಲಯದಲ್ಲಿ, ನಾಯಿಮರಿ ಮಾರುವವನೊಬ್ಬನ ತಗಡಿನ ಶೆಡ್ಡಿನಲ್ಲಿ.

“ಬೊಗಳಂಗಿಲ್ರಿ, ವಾಸನಿ ಇಲ್ರಿ, ಬೆಕ್ಕಿನಂಗ ತನ್ನ ಮೈ ತಾನ ನೆಕ್ಕಿ ಸ್ವಚ್ಛ ಮಾಡ್ಕೋತೈತ್ರಿ” ಎಂದು ಆತ ನನ್ನನ್ನು ಹೊಗಳಿದ. ಕೊಳ್ಳಲು ಬಂದ ಶಿವಯೋಗಿ ಇಂಗಳಗಿಯವರು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಉಪನ್ಯಾಸಕರು. ಬೊಗಳುವ ನಾಯಿಯನ್ನು ಸಾಕಬಾರದೆಂದು ಅವರ ಅಪಾರ್ಟ್‌ಮೆಂಟಿನ ಸಂಘ ನಿಯಮ ಮಾಡಿತ್ತು. ನನ್ನಲ್ಲಿ ಏನೇನಿಲ್ಲ ಎಂಬುದನ್ನು ಅವರು ಕೇಳಿ ತಿಳಿದರು. ಏನಿದೆ ಎಂದು ಕೇಳಲಿಲ್ಲ. ನನ್ನ ಕುಲದಲ್ಲಿ ವಂಶವಾಹಿಯಾಗಿ ಬರುವ ಒಂದು ಮೂತ್ರಪಿಂಡದ ರೋಗವಿದೆ. ನನ್ನ ತಾಯಿ ಅದರಿಂದಲೇ ಸೊರಗುತ್ತಿದ್ದಳು. ಮಾರುವವನಿಗೆ ಅದು ಗೊತ್ತಿತ್ತು. ತಿಳಿದೂ ಬಾಯಿ ಮುಚ್ಚಿಕೊಂಡ ಆ ಮನುಷ್ಯನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಹೊಸ ಮನೆಯಲ್ಲಿ ನನಗೆ ಕೆಂಚ ಎಂದು ಹೆಸರಿಟ್ಟರು. ಐದು ವರ್ಷ ಸುಖವಾಗಿದ್ದೆ. ಸಂಜೆ ಯಜಮಾನರ ಹೆಜ್ಜೆ ಕೇಳಿದೊಡನೆ ನನ್ನ ಗಂಟಲಿನಿಂದ ಅರ್ಧ ಹಾಡು, ಅರ್ಧ ಅಳುವಿನಂಥ ದನಿ ತಾನಾಗಿ ಹೊರಡುತ್ತಿತ್ತು. “ನಿಮ್ಮ ಶಿಷ್ಯಾ ಆಲಾಪ ಶುರು ಮಾಡಿದ ನೋಡ್ರಿ!” ಎಂದು ಯಜಮಾನಿತಿ ಶೈಲಜಾ ನಗುತ್ತಿದ್ದರು. ಮಳೆಯ ಹನಿ ಕಂಡರೆ ನಾನು ಅಪಾರ್ಟ್‌ಮೆಂಟಿನ ಅಂಗಳಕ್ಕೆ ಕಾಲಿಡುತ್ತಿರಲಿಲ್ಲ. ಆಗ ಯಜಮಾನರು ತಾವು ನೆನೆಯುತ್ತ ಕೊಡೆಯನ್ನು ನನ್ನ ಮೇಲೆ ಹಿಡಿಯುತ್ತಿದ್ದರು. ಅಂಥ ಕೈಯೇ ಮುಂದೆ ನನ್ನ ಬಟ್ಟಲನ್ನು ಕಸಿದುಕೊಂಡಿತು.

ಆರನೆಯ ವರ್ಷ ನನಗೆ ತೀರದ ಬಾಯಾರಿಕೆ ಹತ್ತಿತು. ಎಷ್ಟು ಕುಡಿದರೂ ನಾಲಗೆ ಒಣಗುತ್ತಿತ್ತು. ಕುಡಿದದ್ದೆಲ್ಲ ಮೂತ್ರವಾಗಿ ಸೋಫಾದ ಬಳಿಯೇ ಹರಿದುಹೋಗುತ್ತಿತ್ತು. ನಾಚಿಕೆಯಿಂದ ಮಂಚದ ಕೆಳಗೆ ಅಡಗುತ್ತಿದ್ದೆ.

“ಇಷ್ಟು ಸ್ವಚ್ಛ ಇದ್ದ ನಾಯಿ ಇದು. ಬೇಕಂತನ ಮಾಡಾಕತ್ತೈತಿ” ಎಂದರು ಯಜಮಾನರು.

“ಡಾಕ್ಟರಿಗೆ ಒಮ್ಮೆ ತೋರಸೂಣೇನ್ರಿ?”

“ರೋಗಲ್ಲ, ಹಟ! ಈ ಜಾತಿನ ಹಟಮಾರಿ ಅಂತ ಪುಸ್ತಕದಾಗ ಬರದೈತಿ. ಶಿಸ್ತು ಕಲಸಬೇಕು.”

ಅಂದಿನಿಂದ ಬಟ್ಟಲು ಫ್ರಿಜ್ಜಿನ ಮೇಲೇರಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾತ್ರ ಕೆಳಗಿಳಿಯುತ್ತಿತ್ತು. ನಾನು ಅದರ ಕೆಳಗೆ ಕುಳಿತು ಮೇಲೆ ನೋಡುತ್ತಿದ್ದೆ; ಬಚ್ಚಲಿನ ಒದ್ದೆ ನೆಲವನ್ನು ನೆಕ್ಕುತ್ತಿದ್ದೆ. ಬೇರೆ ನಾಯಿಯಾಗಿದ್ದರೆ ಕಟ್ಟಡವೇ ಎದ್ದು ಬರುವಂತೆ ಬೊಗಳುತ್ತಿತ್ತು. ಯಾವ ಗುಣಕ್ಕಾಗಿ ನನ್ನನ್ನು ತಂದಿದ್ದರೋ ಅದೇ ನನಗೆ ಮುಳುವಾಯಿತು. ಶಿಸ್ತೆಂಬ ದೊಡ್ಡ ಮಾತಿನ ಮರೆಯಲ್ಲಿ ಒಂದು ಜೀವದ ನೀರನ್ನು ತಡೆಯಬಹುದೆಂದು ಯಾವ ಪುಸ್ತಕ ಹೇಳುತ್ತದೆ?

ಎರಡು ತಿಂಗಳ ಬಳಿಕ ಯಜಮಾನರ ತಾಯಿ ಗುರಸಿದ್ದವ್ವ ಗದಗಿನಿಂದ ಬಂದರು. ನಾನು ನೆಲ ಒದ್ದೆ ಮಾಡಿದ್ದ ಜಾಗದಲ್ಲಿ ಇರುವೆಗಳ ಸಾಲನ್ನು ಕಂಡು ಅಲ್ಲೇ ನಿಂತರು.

“ಏ ಶಿವೂ, ಇಲ್ಲಿ ನೋಡ ಬಾ. ನನಗ ಸಕ್ಕರಿ ಬ್ಯಾನಿ ಬಂದಾಗ ಬಚ್ಚಲದಾಗ ಹಿಂಗ ಇರಿವಿ ಮುತ್ತಿದ್ವು, ಮರ್ತಿ ಏನು? ನೀರಡಿಸಿದ ಜೀವದ ನೀರು ಮ್ಯಾಲ ಎತ್ತಿಟ್ಟೀಯಲ್ಲೋ! ಏನು ಕಲಸ್ತೀಯೋ ನೀ ಆ ಕಾಲೇಜಿನಾಗ?”

ಯಜಮಾನರು ಬಗ್ಗಿ ಇರುವೆಗಳ ಸಾಲನ್ನು ನೋಡಿದರು. ಮಧ್ಯಾಹ್ನವೇ ನನ್ನನ್ನು ಎತ್ತಿಕೊಂಡು ವೈದ್ಯರಲ್ಲಿಗೆ ಓಡಿದರು. ರಕ್ತದಲ್ಲಿ ಸಕ್ಕರೆ ಹೆಚ್ಚಿರಲಿಲ್ಲ. ಮೂತ್ರಪಿಂಡಗಳೇ ಅದನ್ನು ಹಿಡಿದಿಡಲಾರದೆ ಮೂತ್ರದಲ್ಲಿ ಹೊರಗೆ ಚೆಲ್ಲುತ್ತಿದ್ದವು; ನನ್ನ ತಾಯಿಯ ರೋಗವೇ ಅದು. “ಮೊದಲ ಬಂದು, ಗುಳಿಗಿ ಕೊಟ್ಟು, ಬೇಕಾದಷ್ಟು ನೀರು ಕುಡಿಸಿದ್ರ ಇನ್ನೂ ಭಾಳ ವರ್ಷ ಬಾಳ್ತಿತ್ರಿ. ಈಗ ಕಿಡ್ನಿ ಪೂರಾ ಹೋಗ್ಯಾವು” ಎಂದರು ವೈದ್ಯರು.

ಈಗ ಕಿಟಕಿಯ ಬಳಿ, ಹಳೆಯ ಕೌದಿಯ ಮೇಲೆ ಮಲಗಿದ್ದೇನೆ. ಮನೆಯ ಪ್ರತಿ ಕೋಣೆಯಲ್ಲೂ ನೀರು ತುಂಬಿದ ಬಟ್ಟಲಿದೆ. ನನ್ನ ಮೈ ನೆಕ್ಕಿಕೊಳ್ಳುವ ಶಕ್ತಿಯೂ ನನಗಿಲ್ಲ; ಯಜಮಾನರೇ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ತಿಳಿದೂ ಮುಚ್ಚಿಟ್ಟವನನ್ನು ಕ್ಷಮಿಸಲಾರೆ. ತಿಳಿಯದೆ ತಪ್ಪಿದವರ ವಿಷಯದಲ್ಲಿ ನನ್ನ ನ್ಯಾಯ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಇಂದು ಅವರು ನೆಲದ ಮೇಲೆ ಕುಳಿತು ಬಟ್ಟಲನ್ನು ನನ್ನ ಬಾಯಿಗೆ ಹಿಡಿದರು. “ಕೆಂಚಾ, ಕುಡಿಯೋ ಮಗನ” ಎಂದರು. ನನಗೀಗ ನೀರೂ ಸೇರುವುದಿಲ್ಲ. ಆದರೂ ತಲೆಯೆತ್ತಿ, ಅವರಿಗಾಗಿ, ಎರಡು ಗುಟುಕು ಕುಡಿದೆ.