ಒಂದು ದಿನ ಕಾಯದ ಕಿತ್ತಳೆ

ಮೂರನೇ ಲೋಡೂ ವಾಪಸ್ಸು ಬಂತು. ಕಿತ್ತಳೆ ಸಿಪ್ಪೆಯ ತುಂಬ ಕಂದು ಕಲೆ. "ಲಾರಿ ಕುಲುಕಾಟಕ್ಕೇ ಹೀಗಾಗಿರೋದು. ಡ್ರೈವರನ್ನ ಬದಲಾಯಿಸ್ತೀನಿ," ಎಂದರು ಪ್ಯಾಕಿಂಗ್ ಶೆಡ್ಡಿನ ಮಾಲೀಕರು. ಆ ಡ್ರೈವರ್ ನನ್ನ ಗಂಡ. ಹಣ್ಣು ತುಂಬುವ ಹೆಂಗಸರಿಗೆ ಇಪ್ಪತ್ತೆರಡು ವರ್ಷದಿಂದ ನಾನೇ ಮೇಸ್ತ್ರಿ.

ಊಟಕ್ಕೆ ಕೂತಾಗ ಶುರು ಹಚ್ಚಿಕೊಂಡೆ. "ಗುಂಡಿ ಕಂಡ್ರೆ ಬ್ರೇಕ್ ಹಾಕೋಕೇನ್ರೀ ಧಾಡಿ? ಕೆಲಸ ಹೋದ್ರೆ ಏನು ಗತಿ?" ಪುಣ್ಯಾತ್ಮ ತುಟಿಪಿಟಕ್ಕೆನ್ನದೆ ಉಂಡು ಎದ್ದರು. ಮಾತಾಡದ ಗಂಡಸರನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಆದರೂ ಇಷ್ಟು ವರ್ಷ ಅದೇ ರಸ್ತೆಯಲ್ಲಿ ಒಂದು ಹಣ್ಣೂ ಕೆಡಿಸದ ಕೈ ಈಗ್ಯಾಕೆ ಕೆಡಿಸೀತು? ಈ ಸಲ ಬದಲಾದದ್ದು ಒಂದೇ. ಮೊದಲೆಲ್ಲ ಕಿತ್ತ ಹಣ್ಣನ್ನು ಒಂದಿಡೀ ದಿನ ನೆರಳಲ್ಲಿ ಹರಡಿಟ್ಟು ಆಮೇಲೆ ತುಂಬುತ್ತಿದ್ದೆವು. "ಬೆಳಿಗ್ಗೆ ಕಿತ್ತದ್ದು ಮಧ್ಯಾಹ್ನಕ್ಕೇ ಲಾರಿ ಹತ್ಬೇಕು, ತಾಜಾ ಅಂದ್ರೆ ಹಾಗಿರ್ಬೇಕು," ಎಂದು ಆ ಪದ್ಧತಿ ಬಿಡಿಸಿದ ಮಹಾತಾಯಿ ನಾನೇ.

ಆಗಷ್ಟೇ ಕಿತ್ತ ಐದು ಹಣ್ಣು, ಹಿಂದಿನ ದಿನ ಕಿತ್ತ ಐದು ಹಣ್ಣು ಮನೆಗೆ ತಂದು ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟೆ. ಅಡುಗೆಮನೆ ಕಿಟಕಿಯಲ್ಲಿ ಬೇರೆ ಬೇರೆ ಸಾಲಾಗಿ ಇಟ್ಟೆ. ಮೂರನೇ ಬೆಳಿಗ್ಗೆ ನೋಡಿದರೆ, ಒಂದು ದಿನ ಕಾದಿದ್ದ ಹಣ್ಣುಗಳಿಗೆ ಏನೂ ಆಗಿಲ್ಲ. ಆಗಷ್ಟೇ ಕಿತ್ತಿದ್ದವುಗಳ ಮೈಮೇಲೆ ಕಂದು ಕಲೆ. ನೀರು ತುಂಬಿ ಬಿಗಿದ ಸಿಪ್ಪೆ ಸಣ್ಣ ಏಟಿಗೂ ಬಿರಿದು, ಅದರೊಳಗಿನ ಎಣ್ಣೆಯೇ ಅದನ್ನು ಸುಡುತ್ತದೆ. ಒಂದು ದಿನ ಇಟ್ಟರೆ ಸ್ವಲ್ಪ ಸಡಿಲವಾಗಿ ಏಟು ತಾಳಿಕೊಳ್ಳುತ್ತದೆ. ಅಯ್ಯೋ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯ್ತಲ್ಲ ನನ್ನ ಕಥೆ!

ನೆಟ್ಟಗೆ ಮಾಲೀಕರ ಮುಂದೆ ಹೋಗಿ, ಹಣ್ಣುಗಳನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. "ತಪ್ಪು ನಂದು. ಅವರನ್ನ ಬಿಡಿಸ್ಬೇಡಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನ್ನ ಗಂಡ ನಿನ್ನೆನೇ ಬಂದು, ಲಾರಿ ಜೋರಾಗಿ ಓಡಿಸ್ಬಿಟ್ಟೆ, ತಪ್ಪು ನಂದು ಅಂದ. ಎಲ್ಲರ ಮನೇಲಿ ತಪ್ಪು ನಿಂದು ಅಂತ ಜಗಳ, ನಿಮ್ಮನೇಲಿ ನಂದು ನಂದು ಅಂತ! ಹೋಗಮ್ಮ, ಲಾರಿ ಅವನದೇ. ಹಣ್ಣು ಮಾತ್ರ ಒಂದು ದಿನ ಕಾಯ್ಲಿ."

ಹೊರಗೆ ಇವರು ಲಾರಿಯ ಗಾಜು ಒರೆಸುತ್ತಿದ್ದರು.

"ಜೋರಾಗಿ ಓಡಿಸಿದ್ರಾ?"

"ಇಲ್ಲ ಕಣೆ. ಲೋಡ್ ಮಾಡುವಾಗ್ಲೇ ಒಂದು ಹಣ್ಣು ಹಿಚುಕಿ ನೋಡಿದ್ದೆ, ಕಲ್ಲಿನ ಹಾಗಿತ್ತು. ಹೇಳೋಣ ಅಂದ್ರೆ ನೀನು ಬಾಯಿ ಮುಚ್ಚಬೇಕಲ್ಲ!"

"ಮತ್ತೆ ಸುಳ್ಳು ಯಾಕೆ ಹೇಳಿದ್ರಿ?"

"ನಂಗೆ ಇನ್ನೊಂದು ಲಾರಿ ಎಲ್ಲಾದ್ರೂ ಸಿಗುತ್ತೆ. ನಿನ್ನ ಇಪ್ಪತ್ತೆರಡು ವರ್ಷದ ಹೆಸರು ಎಲ್ಲಿಂದ ತರೋಣ?"

ಸಿಟ್ಟು, ನಾಚಿಕೆ, ಪ್ರೀತಿ ಒಟ್ಟಿಗೇ ಉಕ್ಕಿ ಕಣ್ಣು ತುಂಬಿತು. ಬೈಯೋಣವೆಂದು ಬಾಯಿ ತೆರೆದೆ, ಒಂದು ಮಾತೂ ಬರಲಿಲ್ಲ. ಇವರು ಗಾಬರಿಯಿಂದ ಬಟ್ಟೆ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದರು.

"ಏನಾಯ್ತೇ? ಹುಷಾರಿಲ್ವಾ?"