ಎರವಲು ತಂದ ಪ್ಲೇಟು

ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋಗಿ, ಮನೆ ಮತ್ತೆ ಮನೆಯಂತಾದ ಮೊದಲ ಬೆಳಗು. ಅವಳು ಇನ್ನೂ ಅತ್ತಿರಲಿಲ್ಲ. ಅತ್ತೆ ಚಹಾದ ಲೋಟ ಮುಂದಿಟ್ಟು, "ಲ್ಯಾಬಿಗೆ ಹೋಗಿ ಬಾ ಮಗಳೇ. ಇಬ್ಬರೂ ಹೀಗೆ ಗೋಡೆ ನೋಡ್ತಾ ಕೂತರೆ ಗೋಡೆಗೂ ಬೇಜಾರಾಗತ್ತೆ," ಎಂದರು.

ಗಂಡ ಹೆಂಡತಿ ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದವರು. ಬಟ್ಟೆ ಕಾರ್ಖಾನೆಯ ಬಣ್ಣದ ನೀರಿಗೆ ಕರೆಂಟು ಹರಿಸಿ, ಅದರೊಳಗಿನ ವಿಷವನ್ನು ಒಡೆಯುವುದು ಅವನ ವಿಷಯ. ಅವಳು ಬಾಗಿಲು ತಳ್ಳಿದರೆ, ಅವನ ಪಂಪು ಗುರ್ ಎನ್ನುತ್ತಲೇ ಇತ್ತು. ಗಾಜಿನ ಪಾತ್ರೆಯಲ್ಲಿ, ನೀರಿಗೆ ಕರೆಂಟು ಹರಿಸುವ, ವಜ್ರದ ಲೇಪನವಿದ್ದ ಪ್ಲೇಟು. ಅದರ ಮೈತುಂಬ ಗುಳ್ಳೆ.

"ಯಾರು ಆನ್ ಮಾಡಿದ್ದು?"

"ಯಾರೂ ಆಫ್ ಮಾಡಿಲ್ಲ," ಎಂದ ಪಕ್ಕದ ಮೇಜಿನವನು, ತಲೆ ಕೆರೆದುಕೊಳ್ಳುತ್ತ. "ಅವನೇ ಹಾಕಿಟ್ಟು ಹೋಗಿದ್ದು... ಕೈ ಬರಲಿಲ್ಲ. ನೀರು ಇಳಿದಾಗೆಲ್ಲ ಸರದಿ ಮೇಲೆ ತುಂಬಿಸ್ತಾ ಇದ್ದೀವಿ."

ಪ್ಲೇಟು ಎದುರು ಪ್ರಯೋಗಾಲಯದ ಹಿರಿಯ ಸಂಶೋಧಕಿಯದು; ಎಲ್ಲರಿಗೂ ಅವರು ಅಕ್ಕ. ಗಂಡನಿಗೆ ಅಲ್ಲಿ 'ಎರವಲುರಾಯ' ಎಂದೇ ಹೆಸರು. ಅವನು ಬಂದರೆ ಮೂಗನ್ನೂ ಬಚ್ಚಿಟ್ಟುಕೊಳ್ಳಬೇಕು ಎಂದು ಅಕ್ಕ ನಗಾಡುತ್ತಿದ್ದರು. ಅವರ ಬಳಿ ಇದ್ದದ್ದು ಇದೊಂದೇ ಪ್ಲೇಟು. ಅದಿಲ್ಲದೆ ಅವರ ಕೊನೆಯ ಪ್ರಯೋಗ ನಿಂತಿತ್ತು, ಪ್ರಬಂಧ ಒಪ್ಪಿಸುವ ದಿನ ಹತ್ತಿರವಾಗುತ್ತಿತ್ತು. ಆ ಬೆಳಿಗ್ಗೆಯೂ ಅಕ್ಕ ಬಾಗಿಲಲ್ಲಿ ನಿಂತು, "ಏನಾದ್ರೂ ತಿಂದ್ಯೇನೇ?" ಎಂದು ಕೇಳಿ, ಪ್ಲೇಟಿನ ಕಡೆ ಒಮ್ಮೆ ನೋಡಿ, ಅದನ್ನು ಕೇಳದೆ ಹೋದರು.

ಅವಳಿಗೆ ಅರ್ಥವಾಯಿತು. ಆದರೆ ಸ್ವಿಚ್ಚಿಗೆ ಕೈ ಹೋಗಲಿಲ್ಲ. ಪಂಪು ಸದ್ದು ಮಾಡುತ್ತಿರುವವರೆಗೂ ಅವನು ಚಹಾ ಕುಡಿಯಲು ಹೊರಗೆ ಹೋಗಿದ್ದಾನೆ, ಅಷ್ಟೇ.

ಸುಮ್ಮನೆ ಕೂರಲಾರದೆ ಆ ನೀರನ್ನೇ ಸ್ವಲ್ಪ ತೆಗೆದು ಪರೀಕ್ಷೆಗೆ ಇಟ್ಟಳು. ನೀಲಿ ಹೋಗಿ ತಿಳಿಯಾಗಿತ್ತು, ನಿಜ. ಆದರೆ ಬಣ್ಣ ಹೋದ ಮಾತ್ರಕ್ಕೆ ವಿಷ ಹೋಯಿತೆಂದು ಅವರಲ್ಲಿ ಯಾರೂ ನಂಬುವುದಿಲ್ಲ. ಫಲಿತಾಂಶ ಬಂತು. ನಂಬಿಕೆಯಾಗದೆ ಇನ್ನೊಮ್ಮೆ ನೋಡಿದಳು. ಒಡೆಯುವುದಕ್ಕೆ ಏನೂ ಉಳಿದಿರಲಿಲ್ಲ. ಅವನ ಕೆಲಸ ಯಾವಾಗಲೋ ಮುಗಿದಿತ್ತು. ಕರೆಂಟು ಬರೀ ನೀರನ್ನು ಒಡೆದು ಗುಳ್ಳೆ ಎಬ್ಬಿಸುತ್ತಿತ್ತು, ಅಕ್ಕನ ಪ್ಲೇಟು ಸುಮ್ಮನೆ ಸವೆಯುತ್ತಿತ್ತು.

ಸ್ವಿಚ್ಚು ಒತ್ತಿದಳು. ಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿದರು.

ಪ್ಲೇಟನ್ನು ತೆಳು ಆಮ್ಲದಲ್ಲಿ ಶುಚಿಮಾಡಿ, ತೊಳೆದು, ಒರೆಸಿ ಎದುರಿನ ಕೋಣೆಗೆ ಒಯ್ದಳು.

"ಅಯ್ಯೋ, ಈಗಲೇ ಯಾಕೆ ತಂದೆ?" ಎಂದರು ಅಕ್ಕ. ಆಮೇಲೆ ಕಣ್ಣು ಕಿರಿದು ಮಾಡಿ, "ತೊಳೆದಿದ್ದೀಯಾ! ನಿನ್ನ ಗಂಡ ಒಂದು ದಿನವೂ ತೊಳೆದು ಕೊಟ್ಟವನಲ್ಲ."

"ತಿಂದ ತಟ್ಟೇನೇ ತೊಳೀತಿರಲಿಲ್ಲ ಅಕ್ಕ."

ಅಕ್ಕ ಫಕ್ಕನೆ ನಕ್ಕು, ಗಾಬರಿಯಿಂದ ಬಾಯಿ ಮುಚ್ಚಿಕೊಂಡರು. ಅವಳೂ ನಕ್ಕಿದ್ದಳು, ನಗುವಿನ ನಡುವೆಯೇ ಕಣ್ಣು ಒರೆಸಿಕೊಂಡಳು.

"ಅವನ ನೀರು ಶುದ್ಧವಾಯ್ತು. ಇನ್ನು ನಿಮ್ಮದು ಹಾಕಿ," ಎಂದು ಪ್ಲೇಟನ್ನು ಅವರ ಕೈಗಿಟ್ಟಳು.